ಮುಚ್ಚಿಟ್ಟ ಲ್ಯಾಪ್‌ಟಾಪ್ ಬ್ಯಾಗಲ್ಲಿ ಬಿಸಿ ಆಗ್ತಿದೆ, ಅದು ನಿಜವಾಗ್ಲೂ ಮಲಗಿದೆಯಾ ಅಂತ ಟರ್ಮಿನಲ್‌ನಲ್ಲಿ ನೋಡೋದು ಹೇಗೆ?

ಪ್ರಶ್ನೆ: ನಾನು ಕಾಲೇಜ್ ಲೆಕ್ಚರರ್, ದಿನಾ ತುಮಕೂರಿಂದ ಬೆಂಗಳೂರಿಗೆ ಟ್ರೈನಲ್ಲಿ ಓಡಾಡ್ತೀನಿ. ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡು ಉಬುಂಟು 24.04 ಅನ್ನೋ ಲಿನಕ್ಸ್ ಹಾಕಿಸ್ದೆ. ಬೆಳಿಗ್ಗೆ ಆರೂ ಮುಕ್ಕಾಲಿಗೆ ಮುಚ್ಚಿ ಬ್ಯಾಗಿಗೆ ಹಾಕೋವಾಗ ಬ್ಯಾಟರಿ 92 ಇರುತ್ತೆ, ಒಂಬತ್ತೂ ಕಾಲಿಗೆ ಸ್ಟಾಫ್ ರೂಮಲ್ಲಿ ತೆಗೆದ್ರೆ 58, ಮುಟ್ಟಿದ್ರೆ ಕೈ ಬೆಚ್ಚಗಾಗೋ ಅಷ್ಟು ಬಿಸಿ. ಸೆಟಿಂಗ್ಸ್‌ನಲ್ಲಿ ಆಟೋಮ್ಯಾಟಿಕ್ ಸಸ್ಪೆಂಡ್ ಆನ್ ಅಂತಾನೇ ಇದೆ. ಒಬ್ರು ಹೇಳ್ತಾರೆ ಲಿನಕ್ಸ್ ಬ್ಯಾಟರಿ ತಿನ್ನುತ್ತೆ ಏನೂ ಮಾಡಕ್ಕಾಗಲ್ಲ ಅಂತ, ಇನ್ನೊಬ್ರು ಟಿಎಲ್‌ಪಿ ಪವರ್‌ಟಾಪ್ ಅನ್ನೋ ಬ್ಯಾಟರಿ ಸಾಫ್ಟ್‌ವೇರ್ ಎರಡೂ ಹಾಕು ಅಂತಾರೆ, ಮತ್ತೊಬ್ರು ಪ್ರೊಸೆಸರ್ ಸ್ಪೀಡ್ ನೋಡಿಕೊಳ್ಳೋ ಗವರ್ನರ್ ಪವರ್‌ಸೇವ್ ಮಾಡು, ತಿಂಗಳಿಗೊಂದ್ಸಲ ಬ್ಯಾಟರಿ ಸೊನ್ನೆಗೆ ಇಳಿಸು ಅಂತಾರೆ. ಯುಪವರ್ ಅನ್ನೋ ಕಮಾಂಡ್ ಹಾಕಿ ನೋಡ್ದೆ, ಫುಲ್ ಎನರ್ಜಿ 41 ವ್ಯಾಟ್ ಅವರ್, ಡಿಸೈನ್ 50 ಅಂತ ಬಂತು. ಮನೇಲಿ ಹಳೇ ಮಾನಿಟರ್‌ಗೆ ಕೇಬಲ್ ಹಾಕ್ಕೊಂಡು ಲ್ಯಾಪ್‌ಟಾಪ್ ಮುಚ್ಚಿಟ್ಟೇ ಕೆಲಸ ಮಾಡ್ತೀನಿ, ಅದಕ್ಕೆ ಶುರುನಲ್ಲಿ ಏನೋ ಒಂದು ಸೆಟಿಂಗ್ ಬದಲಾಯಿಸಿದ್ದೆ, ಏನು ಅಂತ ಈಗ ನೆನಪಿಲ್ಲ. ಟರ್ಮಿನಲ್ ಅಂದ್ರೆ ಭಯ, ಏನಾದ್ರೂ ಕೆಡಿಸಿಬಿಟ್ರೆ ಅಂತ. ಎಲ್ಲಿಂದ ನೋಡ್ಲಿ?

ಉತ್ತರ: ನಿಮ್ಮ ಭಯ ನಂಗೆ ಅರ್ಥ ಆಗುತ್ತೆ, ಅದಕ್ಕೆ ಮೊದ್ಲೇ ಹೇಳ್ತೀನಿ, ಈ ಉತ್ತರದ ಮುಕ್ಕಾಲು ಭಾಗ ಬರೀ ಓದೋ ಕಮಾಂಡ್‌ಗಳು. ಕ್ಯಾಟ್, ಗ್ರೆಪ್, ಜರ್ನಲ್‌ಸಿಟಿಎಲ್ ಇವೆಲ್ಲ ಇರೋದನ್ನ ತೋರಿಸ್ತಾವೆ ಅಷ್ಟೇ, ಏನನ್ನೂ ಬದಲಾಯಿಸಲ್ಲ. ಮುಂದೆ ಸುಡು (sudo, ಅಂದ್ರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸೋದು) ಅಂತ ಬಂದಾಗ ಮಾತ್ರ ನಿಂತು ಎರಡ್ಸಲ ಓದಿ. ಕಮಾಂಡ್‌ಗಳನ್ನ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದೀನಿ, ನೀವು ಟೈಪ್ ಮಾಡೋವಾಗ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಹಾಕ್ಬೇಕು.

ಟರ್ಮಿನಲ್ ತೆಗೆಯೋಕೂ ಮುಂಚೆ ನೀವೇ ಕೊಟ್ಟಿರೋ ನಂಬರ್ ಇಟ್ಕೊಂಡು ಒಂದು ಲೆಕ್ಕ ಮಾಡೋಣ, ಯಾಕಂದ್ರೆ ಅರ್ಧ ಉತ್ತರ ಅಲ್ಲೇ ಇದೆ. ನಿಮ್ಮ ಬ್ಯಾಟರಿ ಈಗ ಪೂರ್ತಿ ತುಂಬಿದ್ರೆ 41 ವ್ಯಾಟ್ ಅವರ್ ಹಿಡಿಯುತ್ತೆ. 92ರಿಂದ 58ಕ್ಕೆ ಬಂದಿದೆ ಅಂದ್ರೆ 34 ಪರ್ಸೆಂಟ್, ಅಂದ್ರೆ ಹತ್ತತ್ರ 14 ವ್ಯಾಟ್ ಅವರ್ ಹೋಗಿದೆ, ಎರಡೂವರೆ ಗಂಟೆಗೆ ಹಂಚಿದ್ರೆ ಸರಾಸರಿ ಐದೂವರೆ ವ್ಯಾಟ್. ಸರಿಯಾಗಿ ಮಲಗಿರೋ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಒಂದು ವ್ಯಾಟ್ ಕೂಡ ತಗೊಳ್ಳಲ್ಲ, ಅರ್ಧ ವ್ಯಾಟ್ ಅಂತ ಹಿಡಿದ್ರೂ ನಿಮ್ಮ ಪ್ರಯಾಣಕ್ಕೆ 3 ಪರ್ಸೆಂಟ್ ಹೋಗ್ಬೇಕಿತ್ತು. ಐದೂವರೆ ವ್ಯಾಟ್ ಅನ್ನೋದು ಸ್ಕ್ರೀನ್ ಆಫ್ ಆಗಿ, ಒಳಗಡೆ ಎಲ್ಲ ಎದ್ದು ಕೂತಿರೋ ಮಷಿನ್ ತಿನ್ನೋ ಕರೆಂಟು. ಅಂದ್ರೆ ನಿಮ್ಮ ಲ್ಯಾಪ್‌ಟಾಪ್ ಕೆಟ್ಟದಾಗಿ ಮಲಗ್ತಿದೆ ಅನ್ನೋದಕ್ಕಿಂತ, ಮಲಗ್ತಾನೇ ಇಲ್ಲ ಅನ್ನೋ ಅನುಮಾನ ನಂಗೆ ಜಾಸ್ತಿ.

ಹಾಗೇ 41ಕ್ಕೆ 50 ಅಂದ್ರೆ ಬ್ಯಾಟರಿ ಆರೋಗ್ಯ 82 ಪರ್ಸೆಂಟ್. ಸೆಕೆಂಡ್ ಹ್ಯಾಂಡ್‌ಗೆ ಇದು ಚೆನ್ನಾಗೇ ಇದೆ, ಬ್ಯಾಟರಿ ಬದಲಾಯಿಸೋಕೆ ದುಡ್ಡು ಹಾಕ್ಬೇಡಿ ಈಗ.

ಇನ್ನು ಆ ಸಲಹೆಗಳ ಬಗ್ಗೆ. ಲಿನಕ್ಸ್ ಬ್ಯಾಟರಿ ತಿನ್ನುತ್ತೆ ಅನ್ನೋ ಮಾತಲ್ಲಿ ಸ್ವಲ್ಪ ನಿಜ ಇದೆ, ಕೆಲವು ಹಾರ್ಡ್‌ವೇರ್‌ಗೆ ಡ್ರೈವರ್ ಸರಿ ಇಲ್ಲದಿದ್ರೆ ಅದು ಪೂರ್ತಿ ತಣ್ಣಗಾಗಲ್ಲ, ಆದ್ರೆ ಅದು ಕಂಡುಹಿಡಿಯೋಕಾಗೋ ಕಾರಣ, ಹಣೆಬರಹ ಅಲ್ಲ. ಸೊನ್ನೆಗೆ ಇಳಿಸೋದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದ ಅಭ್ಯಾಸ, ಈಗಿನ ಲಿಥಿಯಂ ಅಯಾನ್ ಬ್ಯಾಟರಿಗೆ ಅದರಿಂದ ಸವೆತ ಜಾಸ್ತಿ ಆಗುತ್ತೆ, ದಯವಿಟ್ಟು ಮಾಡ್ಬೇಡಿ. ನಿಮ್ಮ ಬ್ಯಾಟರಿಗೆ ಈಗ ನಿಜವಾದ ಶತ್ರು ಆ ಬ್ಯಾಗಿನೊಳಗಿನ ಬಿಸಿ.

ಗವರ್ನರ್ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಇದನ್ನ ತುಂಬಾ ಜನ ತಪ್ಪು ತಿಳ್ಕೊಂಡಿದಾರೆ. ಕ್ಯಾಟ್ /ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು/ಸಿಪಿಯು0/ಸಿಪಿಯುಫ್ರೆಕ್/ಸ್ಕೇಲಿಂಗ್_ಗವರ್ನರ್ ಅಂತ ಹಾಕಿ, ಅದೇ ಫೋಲ್ಡರ್‌ನಲ್ಲಿ ಸ್ಕೇಲಿಂಗ್_ಡ್ರೈವರ್ ಅನ್ನೋ ಫೈಲ್ ಕೂಡ ನೋಡಿ. ಡ್ರೈವರ್ ಇಂಟೆಲ್_ಪಿಸ್ಟೇಟ್ ಅಂತ ಇದ್ರೆ ಗವರ್ನರ್ ಬಹುಶಃ ಈಗಾಗ್ಲೇ ಪವರ್‌ಸೇವ್ ಅಂತಾನೇ ಇರುತ್ತೆ, ಅದು ಆ ಡ್ರೈವರ್‌ನಲ್ಲಿ ಮಾಮೂಲಿ ಸ್ಥಿತಿ, ಕೆಲಸ ಎಷ್ಟಿದೆ ನೋಡಿ ಸ್ಪೀಡ್ ಏರಿಸಿ ಇಳಿಸುತ್ತೆ. ಹಳೇ ಎಸಿಪಿಐ-ಸಿಪಿಯುಫ್ರೆಕ್ ಡ್ರೈವರ್ ಆದ್ರೆ ಮಾತ್ರ ಪವರ್‌ಸೇವ್ ಅಂದ್ರೆ ಅತಿ ಕಡಿಮೆ ಸ್ಪೀಡಿಗೆ ಕಟ್ಟಿಹಾಕೋದು, ಆಗ ಪುಟ ತೆರೆಯೋಕೂ ಹೊತ್ತಾಗುತ್ತೆ, ಹೊತ್ತಾದಷ್ಟೂ ಸ್ಕ್ರೀನ್ ಉರೀತಾ ಇರುತ್ತೆ, ಉಳಿದಿದ್ದೇನೂ ಇಲ್ಲ. ಒಂದೇ ಹೆಸರು, ಎರಡು ಡ್ರೈವರ್‌ನಲ್ಲಿ ಎರಡು ಅರ್ಥ. ಅದೂ ಅಲ್ದೆ ಗವರ್ನರ್ ಕೆಲಸ ಮಷಿನ್ ಎದ್ದಿರೋವಾಗ, ಮುಚ್ಚಿದ್ಮೇಲೆ ಮಲಗುತ್ತೋ ಇಲ್ವೋ ಅನ್ನೋದನ್ನ ಅದು ತೀರ್ಮಾನ ಮಾಡಲ್ಲ, ಹಾಗಾಗಿ ನಿಮ್ಮ ತೊಂದರೆಗೂ ಅದಕ್ಕೂ ಸಂಬಂಧ ಇಲ್ಲ.

ಹಾಗಾದ್ರೆ ತೀರ್ಮಾನ ಮಾಡೋದು ಯಾರು? ಇಲ್ಲೇ ಎಲ್ರೂ ಎಡವೋದು. ನೀವು ಸೆಟಿಂಗ್ಸ್‌ನಲ್ಲಿ ನೋಡಿದ ಆಟೋಮ್ಯಾಟಿಕ್ ಸಸ್ಪೆಂಡ್ ಇದೆಯಲ್ಲ, ಅದು ಇಷ್ಟು ನಿಮಿಷ ಯಾರೂ ಮುಟ್ಟದಿದ್ರೆ ಮಲಗು ಅನ್ನೋದು, ಮುಚ್ಚಿದ್ರೆ ಮಲಗು ಅಂತಲ್ಲ. ಲಿಡ್, ಅಂದ್ರೆ ಲ್ಯಾಪ್‌ಟಾಪ್ ಮುಚ್ಚಳ, ಮುಚ್ಚಿದ ಸುದ್ದಿ ಹೋಗೋದು ಸಿಸ್ಟಮ್‌ಡಿ-ಲಾಗಿನ್‌ಡಿ ಅನ್ನೋ ಸರ್ವಿಸ್‌ಗೆ, ಅದಕ್ಕೊಂದು ಸ್ವಂತ ಫೈಲ್ ಇದೆ, ಆ ಸ್ಕ್ರೀನ್‌ನಲ್ಲಿ ಅದು ಕಾಣಲ್ಲ. ಲಾಗಿನ್‌ಡಿ ಮಲಗು ಅಂದ್ರೆ ಲಿನಕ್ಸ್‌ನ ತಿರುಳಾದ ಕರ್ನಲ್ ಡ್ರೈವರ್‌ಗಳನ್ನ ನಿಲ್ಲಿಸುತ್ತೆ, ಆಮೇಲೆ ಎಷ್ಟು ಆಳದ ನಿದ್ದೆ ಅನ್ನೋದು ಬಯೋಸ್ (ಮಷಿನ್ ಜೊತೆಗೇ ಕಂಪನಿ ಹಾಕಿರೋ ಮೂಲ ಸಾಫ್ಟ್‌ವೇರ್) ಏನು ಕೊಟ್ಟಿದೆ ಅನ್ನೋದರ ಮೇಲೆ. ಇಷ್ಟು ಮೆಟ್ಲಿದೆ, ಯಾವ ಮೆಟ್ಲಲ್ಲಿ ನಿಂತುಹೋಗ್ತಿದೆ ಅಂತ ಗೊತ್ತಾಗದೆ ಇನ್ನೊಂದು ಸಾಫ್ಟ್‌ವೇರ್ ಹಾಕಿದ್ರೆ ಇನ್ನೊಂದು ಮೆಟ್ಲು ಸೇರುತ್ತೆ. ಅದಕ್ಕೆ ನಾನು ಯಾವಾಗ್ಲೂ ಸೆಟಿಂಗ್ ಏನಿದೆ ಅಂತ ನೋಡೋಕೆ ಮುಂಚೆ, ನಿನ್ನೆ ಏನು ನಡೀತು ಅಂತ ನೋಡ್ತೀನಿ.

ಸ್ಟಾಫ್ ರೂಮಲ್ಲಿ ತೆಗೆದ ತಕ್ಷಣ, ರೀಸ್ಟಾರ್ಟ್ ಮಾಡದೆ, ಜರ್ನಲ್‌ಸಿಟಿಎಲ್ -ಬಿ -ಯು ಸಿಸ್ಟಮ್‌ಡಿ-ಲಾಗಿನ್‌ಡಿ ಅಂತ ಹಾಕಿ. ಲಿಡ್ ಕ್ಲೋಸ್ಡ್, ಲಿಡ್ ಓಪನ್ಡ್ ಅಂತ ಟೈಮ್ ಸಮೇತ ಸಾಲು ಬರುತ್ತೆ. ಆಮೇಲೆ ಜರ್ನಲ್‌ಸಿಟಿಎಲ್ -ಬಿ -ಕೆ | ಗ್ರೆಪ್ -ಐ ಸಸ್ಪೆಂಡ್ ಹಾಕಿ, ಇದು ಕರ್ನಲ್ ಹೇಳೋ ಮಾತು, ಪಿಎಂ ಸಸ್ಪೆಂಡ್ ಎಂಟ್ರಿ, ಪಿಎಂ ಸಸ್ಪೆಂಡ್ ಎಕ್ಸಿಟ್ ಅಂತ ಎರಡು ಸಾಲು ಜೋಡಿಯಾಗಿ ಇರ್ಬೇಕು. ಈ ಎರಡು ಕಮಾಂಡ್ ಸೇರಿಸಿ ನೋಡಿದ್ರೆ ಮೂರರಲ್ಲೊಂದು ಕಥೆ ಸಿಗುತ್ತೆ: ಲಿಡ್ ಕ್ಲೋಸ್ಡ್ ಇದೆ ಆದ್ರೆ ಎಂಟ್ರಿ ಇಲ್ಲ, ಅಂದ್ರೆ ಯಾರೋ ಮಲಗೋಕೆ ಬಿಡ್ಲಿಲ್ಲ; ಎಂಟ್ರಿ ಆಗಿ ಕೆಲವೇ ಸೆಕೆಂಡ್‌ಗೆ ಎಕ್ಸಿಟ್ ಆಗಿದೆ, ಅಂದ್ರೆ ಯಾರೋ ಎಬ್ಬಿಸಿದ್ರು; ಎಂಟ್ರಿ ಆರೂ ಮುಕ್ಕಾಲಿಗೆ, ಎಕ್ಸಿಟ್ ಒಂಬತ್ತೂ ಕಾಲಿಗೆ, ಅಂದ್ರೆ ಮಲಗಿತ್ತು ಆದ್ರೆ ಗಾಢ ನಿದ್ದೆ ಬರ್ಲಿಲ್ಲ.

ನಿಮ್ಮದು ಮೊದಲನೇದು ಅಂತ ನನ್ನ ಅಂದಾಜು. ಕಾರಣ ನೀವೇ ಬರೆದಿದೀರಿ, ಮಾನಿಟರ್ ಹಾಕ್ಕೊಂಡು ಮುಚ್ಚಿ ಕೆಲಸ ಮಾಡೋಕೆ ಏನೋ ಬದಲಾಯಿಸಿದ್ದೆ ಅಂತ. ಅದನ್ನ ಹುಡುಕೋದು ಸುಲಭ: ಸಿಸ್ಟಮ್‌ಡಿ-ಅನಲೈಜ್ ಕ್ಯಾಟ್-ಕಾನ್ಫಿಗ್ ಸಿಸ್ಟಮ್‌ಡಿ/ಲಾಗಿನ್‌ಡಿ.ಕಾನ್ಫ್. ಬರೀ ಒಂದು ಫೈಲ್ ತೆಗೆದು ನೋಡೋದಕ್ಕಿಂತ ಇದು ಮೇಲು, ಯಾಕಂದ್ರೆ ಮುಖ್ಯ ಫೈಲ್ ಜೊತೆಗೆ ಲಾಗಿನ್‌ಡಿ.ಕಾನ್ಫ್.ಡಿ ಅನ್ನೋ ಫೋಲ್ಡರ್‌ನಲ್ಲಿ ಬೇರೆ ಫೈಲ್ ಇದ್ರೆ ಅದನ್ನೂ ಸೇರಿಸಿ ತೋರಿಸುತ್ತೆ. ಹ್ಯಾಂಡಲ್‌ಲಿಡ್‌ಸ್ವಿಚ್ ಅನ್ನೋ ಸಾಲು ನೋಡಿ. ಸಾಲಿನ ಮುಂದೆ ಹ್ಯಾಷ್ ಗುರುತು ಇದ್ರೆ ಅದು ಲೆಕ್ಕಕ್ಕಿಲ್ಲ, ಡೀಫಾಲ್ಟ್ ಏನು ಅಂತ ತಿಳಿಸೋಕೆ ಬರೆದಿರೋದು, ಡೀಫಾಲ್ಟ್ ಸಸ್ಪೆಂಡ್. ಹ್ಯಾಷ್ ಇಲ್ಲದೆ ಹ್ಯಾಂಡಲ್‌ಲಿಡ್‌ಸ್ವಿಚ್=ಇಗ್ನೋರ್ ಅಂತ ಇದ್ರೆ ಕಳ್ಳ ಸಿಕ್ಕಿದ. ಮಾನಿಟರ್ ಹಾಕಿ ಮುಚ್ಚಿದ್ರೆ ಏನ್ಮಾಡ್ಬೇಕು ಅಂತ ಹುಡುಕಿದವರಿಗೆ ಎಲ್ಲಾ ಕಡೆ ಸಿಗೋ ಸಲಹೆ ಇದೇ, ಆದ್ರೆ ಅದರ ಅಗತ್ಯಾನೇ ಇರ್ಲಿಲ್ಲ, ಯಾಕಂದ್ರೆ ಹ್ಯಾಂಡಲ್‌ಲಿಡ್‌ಸ್ವಿಚ್‌ಡಾಕ್ಡ್ ಅಂತ ಇನ್ನೊಂದು ಸಾಲಿದೆ, ಎರಡನೇ ಡಿಸ್‌ಪ್ಲೇ ಸಿಕ್ಕಿಸಿದಾಗ ಅದೇ ಜಾರಿಗೆ ಬರುತ್ತೆ, ಅದರ ಡೀಫಾಲ್ಟೇ ಇಗ್ನೋರ್. ಅಂದ್ರೆ ಮಾನಿಟರ್ ಇದ್ದಾಗ ಮುಚ್ಚಿದ್ರೂ ಕೆಲಸ ನಡೆಯುತ್ತೆ, ಇಲ್ಲದಾಗ ಮಲಗುತ್ತೆ, ನಿಮಗೆ ಬೇಕಿದ್ದೂ ಅದೇ.

ಫೈಲ್‌ನಲ್ಲಿ ಏನೂ ಸಿಗದಿದ್ರೆ ಸಿಸ್ಟಮ್‌ಡಿ-ಇನ್‌ಹಿಬಿಟ್ --ಲಿಸ್ಟ್ ಹಾಕಿ. ಯಾವ್ಯಾವ ಪ್ರೋಗ್ರಾಂ ಈಗ ಮಲಗೋದನ್ನ ತಡೀತಿದೆ ಅಂತ ಒಂದು ಪಟ್ಟಿ ಬರುತ್ತೆ. ಪಟ್ಟಿ ಉದ್ದ ಇದೆ ಅಂತ ಗಾಬರಿ ಆಗ್ಬೇಡಿ, ನೆಟ್‌ವರ್ಕ್ ಮ್ಯಾನೇಜರ್, ಯುಪವರ್ ಇವೆಲ್ಲ ಡಿಲೇ ಅಂತ ಇರ್ತಾವೆ, ಅಂದ್ರೆ ಮಲಗೋಕೆ ಮುಂಚೆ ಒಂದ್ನಿಮಿಷ ಇರಿ ಸಾಮಾನು ಎತ್ತಿಡ್ತೀವಿ ಅನ್ನೋದು, ಲಾಗಿನ್‌ಡಿ ಅವಕ್ಕೆ ಡೀಫಾಲ್ಟ್ ಆಗಿ 5 ಸೆಕೆಂಡ್ ಮಾತ್ರ ಕೊಡುತ್ತೆ. ಉಬುಂಟು ಡೆಸ್ಕ್‌ಟಾಪ್ ಆದ ಗ್ನೋಮ್ ಪವರ್ ಬಟನ್‌ಗೆ ಹಾಕಿರೋ ಬ್ಲಾಕ್ ಕೂಡ ಮಾಮೂಲಿ. ನೀವು ಹುಡುಕ್ಬೇಕಾದ್ದು ಹ್ಯಾಂಡಲ್-ಲಿಡ್-ಸ್ವಿಚ್ ಅಂತ ಇದ್ದು, ಕೊನೇಲಿ ಬ್ಲಾಕ್ ಅಂತ ಇರೋ ಸಾಲು. ಗ್ನೋಮ್ ಟ್ವೀಕ್ಸ್‌ನಲ್ಲಿ ಮುಚ್ಚಿದ್ರೆ ಮಲಗು ಅನ್ನೋ ಸ್ವಿಚ್ಚನ್ನ ಯಾವತ್ತಾದ್ರೂ ಆಫ್ ಮಾಡಿದ್ರೆ ಅದು ಪ್ರತೀ ಲಾಗಿನ್‌ಗೂ ಒಂದು ಸಣ್ಣ ಪ್ರೋಗ್ರಾಂ ಓಡಿಸಿ ಇದೇ ಬ್ಲಾಕ್ ಹಾಕುತ್ತೆ, ಹೋಮ್ ಫೋಲ್ಡರ್‌ನ .ಕಾನ್ಫಿಗ್/ಆಟೋಸ್ಟಾರ್ಟ್ ಒಳಗೆ ಇಗ್ನೋರ್-ಲಿಡ್-ಸ್ವಿಚ್ ಅಂತ ಶುರುವಾಗೋ ಫೈಲ್ ಇದೆಯಾ ನೋಡಿ. ನಾನು ನೋಡಿಕೊಳ್ಳೋ ಒಂದು ಲ್ಯಾಬಲ್ಲಿ ಒಬ್ರು ಮೇಡಂ ಲ್ಯಾಪ್‌ಟಾಪ್ ಎರಡು ತಿಂಗಳು ಹೀಗೇ ಬಿಸಿಯಾಗ್ತಿತ್ತು, ಎರಡು ಕಡೆ ರಿಪೇರಿಗೆ ಕೊಟ್ಟು ಫ್ಯಾನ್ ಕೂಡ ಬದಲಾಯಿಸಿದ್ರು, ಕೊನೆಗೆ ಆ ಒಂದು ಫೈಲ್ ಅಳಿಸಿ ಲಾಗೌಟ್ ಮಾಡಿ ಬಂದ್ಮೇಲೆ ಸರಿ ಹೋಯ್ತು. ಫ್ಯಾನಿಗೆ ಕೊಟ್ಟ ದುಡ್ಡು ನೆನೆಸ್ಕೊಂಡ್ರೆ ನಂಗೆ ಈಗ್ಲೂ ಬೇಜಾರಾಗುತ್ತೆ, ಇದನ್ನ ನೋಡೋಕೆ ಒಂದು ನಿಮಿಷ ಸಾಕಿತ್ತು.

ಎರಡನೇ ಕಥೆ, ಮಲಗಿದ ತಕ್ಷಣ ಏಳೋದು. ಕ್ಯಾಟ್ /ಪ್ರಾಕ್/ಎಸಿಪಿಐ/ವೇಕಪ್ ಹಾಕಿದ್ರೆ ಮಷಿನ್ನನ್ನ ಎಬ್ಬಿಸೋ ಹಕ್ಕು ಯಾರ್ಯಾರಿಗಿದೆ ಅಂತ ಬರುತ್ತೆ, ಎಕ್ಸ್‌ಎಚ್‌ಸಿ ಅಂತ ಕಂಡ್ರೆ ಅದು ಯುಎಸ್‌ಬಿ ಕಂಟ್ರೋಲರ್. ಬ್ಯಾಗಲ್ಲಿ ವೈರ್‌ಲೆಸ್ ಮೌಸಿನ ಡಾಂಗಲ್ ಲ್ಯಾಪ್‌ಟಾಪಲ್ಲೇ ಬಿಟ್ಟು ಮೌಸ್ ಪಕ್ಕದ ಜೇಬಲ್ಲಿ ಅಲ್ಲಾಡ್ತಿದ್ರೆ ಏಳೋದು ಸಹಜಾನೇ. ಮೊದ್ಲು ಡಾಂಗಲ್ ಕಿತ್ತು ಒಂದು ದಿನ ನೋಡಿ, ಅದಕ್ಕೆ ಯಾವ ಕಮಾಂಡೂ ಬೇಡ.

ಮೂರನೇದು ಸ್ವಲ್ಪ ಆಳದ್ದು. ಕ್ಯಾಟ್ /ಸಿಸ್/ಪವರ್/ಮೆಮ್_ಸ್ಲೀಪ್ ಹಾಕಿದ್ರೆ ಎಸ್2ಐಡಲ್, ಡೀಪ್ ಅಂತ ಒಂದೆರಡು ಪದ ಬರುತ್ತೆ, ಯಾವುದರ ಸುತ್ತ ಚೌಕ ಕಂಸ ಇದೆಯೋ ಅದು ಈಗ ಬಳಕೆಯಲ್ಲಿರೋದು. ಡೀಪ್ ಅಂದ್ರೆ ಹಳೇ ಎಸ್3 ನಿದ್ದೆ, ರ್‍ಯಾಮ್‌ಗೆ ಮಾತ್ರ ಕರೆಂಟು, ಮಿಕ್ಕಿದ್ದೆಲ್ಲ ಬಂದ್. ಎಸ್2ಐಡಲ್‌ನಲ್ಲಿ ಪ್ರೋಗ್ರಾಂಗಳನ್ನೆಲ್ಲ ನಿಲ್ಲಿಸಿ ಪ್ರೊಸೆಸರ್‌ನ ಆದಷ್ಟು ಆಳದ ವಿಶ್ರಾಂತಿಗೆ ಕಳಿಸ್ತಾರೆ, ಆದ್ರೆ ಒಂದೇ ಒಂದು ಡಿವೈಸ್ ಹಟ ಮಾಡಿದ್ರೂ ಆ ಆಳಕ್ಕೆ ಇಳಿಯಲ್ಲ. ಮೈಕ್ರೋಸಾಫ್ಟ್‌ನವ್ರು ವಿಂಡೋಸ್ 8ರ ಕಾಲದಲ್ಲಿ, 2012ರಲ್ಲಿ ಕನೆಕ್ಟೆಡ್ ಸ್ಟ್ಯಾಂಡ್‌ಬೈ ಅಂತ ತಂದು, ಆಮೇಲೆ ವಿಂಡೋಸ್ 10ರಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಅಂತ ಬೆಳೆಸಿದ್ರು, ಫೋನ್ ಥರ ತಕ್ಷಣ ಏಳ್ಬೇಕು ಅನ್ನೋ ಆಸೆಗೆ, ಅದಾದ್ಮೇಲೆ ಲ್ಯಾಪ್‌ಟಾಪ್ ಕಂಪನಿಗಳು ಒಂದೊಂದಾಗಿ ಎಸ್3 ಕೈಬಿಡ್ತಾ ಬಂದ್ವು. ಹಾಗಾಗಿ ಈ ತೊಂದರೆ ಬರೀ ಲಿನಕ್ಸ್‌ನವರದ್ದಲ್ಲ, ವಿಂಡೋಸ್ ಬಳಸೋರೂ ಬ್ಯಾಗಲ್ಲಿ ಬಿಸಿ ಅಂತ ಗೋಳಾಡ್ತಾರೆ. 2018ರ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಆರನೇ ತಲೆಮಾರಿನಲ್ಲಿ ಹೀಗೇ ಎಸ್3 ಇರ್ಲಿಲ್ಲ, ಲಿನಕ್ಸ್ ಬಳಕೆದಾರರು ಕೇಳಿ ಕೇಳಿ ಲೆನೋವೊ ಬಯೋಸ್ ಅಪ್‌ಡೇಟ್‌ನಲ್ಲಿ ಸ್ಲೀಪ್ ಸ್ಟೇಟ್ ಅನ್ನೋ ಆಯ್ಕೆ ಕೊಟ್ಟು ಅದರಲ್ಲಿ ಲಿನಕ್ಸ್ ಅಂತ ಸೇರಿಸ್ತು. ನಿಮ್ಮ ಬಯೋಸ್‌ನಲ್ಲೂ ಅಂಥದ್ದು ಇರಬಹುದು, ಒಮ್ಮೆ ನೋಡಿ.

ನಿಮ್ಮದು ಎಸ್2ಐಡಲ್ ಬಳಸೋ ಹೊಸ ಮಷಿನ್ ಆದ್ರೆ ಕ್ಯಾಟ್ /ಸಿಸ್/ಪವರ್/ಸಸ್ಪೆಂಡ್_ಸ್ಟ್ಯಾಟ್ಸ್/ಲಾಸ್ಟ್_ಎಚ್‌ಡಬ್ಲ್ಯೂ_ಸ್ಲೀಪ್ ಅಂತ ಒಂದಿದೆ, ನಂಗೆ ತುಂಬಾ ಇಷ್ಟವಾದ ಫೈಲ್ ಇದು. ಕೊನೇ ಸಲ ಮಲಗಿದಾಗ ಹಾರ್ಡ್‌ವೇರ್ ನಿಜವಾಗ್ಲೂ ಎಷ್ಟು ಹೊತ್ತು ಆಳದ ನಿದ್ದೇಲಿತ್ತು ಅಂತ ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಹೇಳುತ್ತೆ. ಎರಡೂವರೆ ಗಂಟೆ ಅಂದ್ರೆ 9000 ಸೆಕೆಂಡ್, ಅದಕ್ಕೆ ಆರು ಸೊನ್ನೆ ಸೇರಿಸಿ, ಅಲ್ಲಿ ಬಂದ ಸಂಖ್ಯೆ ಅದರ ಹತ್ತಿರ ಇದ್ರೆ ನಿದ್ದೆ ಚೆನ್ನಾಗಿದೆ, ಸೊನ್ನೆ ಅಂತ ಬಂದ್ರೆ ಒಂದು ಕ್ಷಣಾನೂ ಆಳಕ್ಕೆ ಇಳಿದಿಲ್ಲ.

ಈಗ ಬದಲಾಯಿಸೋ ವಿಷ್ಯ, ಇಲ್ಲಿಂದ ಸುಡು ಬರುತ್ತೆ. ಲಾಗಿನ್‌ಡಿ ಫೈಲ್‌ನಲ್ಲಿ ಇಗ್ನೋರ್ ಸಿಕ್ರೆ, ಫೈಲಿನ ಒಂದು ಕಾಪಿ ಇಟ್ಕೊಂಡು ಸುಡು ನ್ಯಾನೋದಲ್ಲಿ (ನ್ಯಾನೋ ಅಂದ್ರೆ ಟರ್ಮಿನಲ್ ಒಳಗೇ ಫೈಲ್ ತಿದ್ದೋ ಎಡಿಟರ್) ತೆಗೆದು ಆ ಸಾಲಿನ ಮುಂದೆ ಹ್ಯಾಷ್ ಹಾಕಿ ಸೇವ್ ಮಾಡಿ, ರೀಬೂಟ್ ಮಾಡಿ. ಲಾಗಿನ್‌ಡಿ ಸರ್ವಿಸ್‌ನ ರೀಸ್ಟಾರ್ಟ್ ಮಾಡಿ ಅಂತಲೂ ಕೆಲವ್ರು ಹೇಳ್ತಾರೆ, ತೆರೆದಿರೋ ಡೆಸ್ಕ್‌ಟಾಪ್ ಸೆಷನ್‌ಗೆ ಅದರಿಂದ ತೊಂದ್ರೆ ಆಗೋ ಸಾಧ್ಯತೆ ಇದೆ, ಕ್ಲಾಸಿನ ನೋಟ್ಸ್ ತೆಗೆದಿಟ್ಕೊಂಡು ಆ ಸಾಹಸ ಬೇಡ, ರೀಬೂಟೇ ವಾಸಿ.

ಮೆಮ್_ಸ್ಲೀಪ್‌ನಲ್ಲಿ ಡೀಪ್ ಇದ್ದೂ ಎಸ್2ಐಡಲ್ ಆಯ್ಕೆಯಾಗಿದ್ರೆ ಪರೀಕ್ಷೆಗೆ ಎಕೋ ಡೀಪ್ | ಸುಡು ಟೀ /ಸಿಸ್/ಪವರ್/ಮೆಮ್_ಸ್ಲೀಪ್ ಹಾಕಿ. ಸುಡು ಎಕೋ ಅಂತ ಶುರು ಮಾಡಿ ಬಾಣದ ಗುರುತು ಹಾಕಿದ್ರೆ ಪರ್ಮಿಷನ್ ಇಲ್ಲ ಅಂತ ಬರುತ್ತೆ, ಯಾಕಂದ್ರೆ ಆ ಬಾಣದ ಕೆಲಸ ಮಾಡೋದು ನಿಮ್ಮ ಸಾಮಾನ್ಯ ಶೆಲ್, ಅದಕ್ಕೆ ಸುಡು ಬಲ ಸಿಗಲ್ಲ, ಅದಕ್ಕೇ ಟೀ. ಈ ಬದಲಾವಣೆ ರೀಬೂಟ್ ಮಾಡಿದ್ರೆ ಹೋಗುತ್ತೆ, ಅದೇ ಅದರ ಒಳ್ಳೇ ಗುಣ. ಅಪಾಯ ಏನಂದ್ರೆ ಕೆಲವು ಮಷಿನ್‌ನಲ್ಲಿ ಡೀಪ್ ಅಂತ ಹೆಸರಿಗೆ ಇರುತ್ತೆ, ಎಬ್ಬಿಸಿದ್ರೆ ಕಪ್ಪು ಸ್ಕ್ರೀನ್, ಪವರ್ ಬಟನ್ ಒತ್ತಿ ಹಿಡ್ದು ಆಫ್ ಮಾಡ್ಬೇಕಾಗುತ್ತೆ, ಹಾಗಾಗಿ ಎಲ್ಲಾ ಸೇವ್ ಮಾಡಿ ರಜಾ ದಿನ ಮಾಡಿ. ನಾಲ್ಕೈದು ದಿನ ಸರಿಯಾಗಿ ಎದ್ರೆ ಆಮೇಲೆ ಲಿನಕ್ಸ್ ಶುರು ಮಾಡೋ ಗ್ರಬ್‌ನಲ್ಲಿ ಮೆಮ್_ಸ್ಲೀಪ್_ಡೀಫಾಲ್ಟ್=ಡೀಪ್ ಅಂತ ಖಾಯಂ ಮಾಡೋ ಯೋಚನೆ.

ಟಿಎಲ್‌ಪಿ ಒಳ್ಳೇ ಸಾಫ್ಟ್‌ವೇರೇ, ಎದ್ದಿರೋವಾಗಿನ ಖರ್ಚು ಕಮ್ಮಿ ಮಾಡೋಕೆ. ಆದ್ರೆ ಉಬುಂಟುನಲ್ಲಿ ಆಗ್ಲೇ ಅದೇ ಥರದ ಕೆಲಸ ಹಿನ್ನೆಲೆಯಲ್ಲಿ ಮಾಡೋ ಪವರ್ ಪ್ರೊಫೈಲ್ಸ್ ಡೀಮನ್ ಇದೆ, ಪವರ್‌ಪ್ರೊಫೈಲ್ಸ್‌ಸಿಟಿಎಲ್ ಗೆಟ್ ಅಂದ್ರೆ ಬ್ಯಾಲೆನ್ಸ್ಡ್ ಅಂತೇನೋ ಹೇಳುತ್ತೆ. ಇಬ್ರೂ ಬರೆಯೋದು ಅದೇ ಸಿಸ್ ಫೈಲ್‌ಗಳಿಗೆ, ಒಬ್ಬ ಬರೆದಿದ್ದನ್ನ ಇನ್ನೊಬ್ಬ ಅಳಿಸ್ತಾನೆ, ಆಮೇಲೆ ಏನು ನೋಡಿದ್ರೂ ಅರ್ಥ ಆಗಲ್ಲ. ಯಾವುದಾದ್ರೂ ಒಂದೇ ಇರ್ಲಿ. ಪವರ್‌ಟಾಪ್ ನೋಡೋಕೆ ಒಳ್ಳೇದು, ಯಾವ ಪ್ರೋಗ್ರಾಂ ಎಷ್ಟು ಸಲ ಎಬ್ಬಿಸ್ತಿದೆ ಅಂತ ತೋರಿಸುತ್ತೆ, ಆದ್ರೆ ಅದರ --ಆಟೋ-ಟ್ಯೂನ್ ಎಲ್ಲಾ ಯುಎಸ್‌ಬಿಗೂ ಒಟ್ಟಿಗೆ ಮಲಗು ಅನ್ನುತ್ತೆ. ಒಂದ್ಸಲ ನಾನೇ ಲ್ಯಾಬ್ ಮಷಿನ್‌ಗಳಿಗೆ ಅದನ್ನ ಹಾಕ್ಬಿಟ್ಟೆ, ಎರಡು ಸೆಕೆಂಡ್ ಮುಟ್ಟದಿದ್ರೆ ಮೌಸ್ ನಿದ್ದೆ ಹೋಗೋದು, ಪ್ರಾಕ್ಟಿಕಲ್ ಪರೀಕ್ಷೆ ಬರೀತಿದ್ದ ಮಕ್ಕಳು ಪಾಪ ಮೌಸ್ ಅಲ್ಲಾಡಿಸಿ ಅಲ್ಲಾಡಿಸಿ ಸುಸ್ತಾದ್ರು. ಅವತ್ತಿಂದ ಅದನ್ನ ಯಾರಿಗೂ ಹೇಳಲ್ಲ.

ಹೈಬರ್ನೇಟ್ ಬಗ್ಗೆ ನೀವು ಕೇಳಿಲ್ಲ, ಆದ್ರೆ ಯಾರಾದ್ರೂ ಹೇಳ್ತಾರೆ ಅದಕ್ಕೆ ಹೇಳ್ತೀನಿ, ರ್‍ಯಾಮ್‌ನಲ್ಲಿ ಇರೋದನ್ನೆಲ್ಲ ಡಿಸ್ಕಿಗೆ ಬರೆದು ಪೂರ್ತಿ ಆಫ್ ಆಗೋದು, ಬಿಸಿಯ ಪ್ರಶ್ನೆನೇ ಇಲ್ಲ. ಆದ್ರೆ ಡಿಸ್ಕಲ್ಲಿ ಅದಕ್ಕಂತ ಸಾಕಷ್ಟು ಸ್ವಾಪ್ ಜಾಗ ಬೇಕು, ಸ್ವಾಪಾನ್ --ಶೋ ಅಂದ್ರೆ ಎಷ್ಟಿದೆ ಗೊತ್ತಾಗುತ್ತೆ, ಮತ್ತೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಅನ್ನೋ ಭದ್ರತಾ ಆಯ್ಕೆ ಆನ್ ಇದ್ರೆ ಕರ್ನಲ್ ಲಾಕ್‌ಡೌನ್ ಇದನ್ನ ತಡೆಯುತ್ತೆ. ನಿಮ್ಮ ತೊಂದರೆಗೆ ಅಷ್ಟು ದೂರ ಹೋಗ್ಬೇಕಾಗಿಲ್ಲ ಅನ್ಸುತ್ತೆ.

ಕಾರಣ ಸಿಗೋವರೆಗೂ ಒಂದು ಕೆಲಸ ಮಾಡಿ. ಬೆಳಿಗ್ಗೆ ಮಾನಿಟರ್ ಕೇಬಲ್ ಕಿತ್ತು, ಲ್ಯಾಪ್‌ಟಾಪ್ ತೆರೆದು, ಸಿಸ್ಟಮ್‌ಸಿಟಿಎಲ್ ಸಸ್ಪೆಂಡ್ ಅಂತ ಟೈಪ್ ಮಾಡಿ, ಪವರ್ ಲೈಟ್ ಮಿಣುಕೋಕೆ ಶುರುವಾಗಿ ಅಥವಾ ಆರಿ ಫ್ಯಾನ್ ನಿಂತ ಮೇಲೆ ಮುಚ್ಚಿ ಬ್ಯಾಗಿಗೆ ಹಾಕಿ. ರಾತ್ರಿಯಿಂದ ಮುಚ್ಚೇ ಇದ್ದ ಲ್ಯಾಪ್‌ಟಾಪಿಂದ ಕೇಬಲ್ ಕಿತ್ತು ಹಾಗೇ ತುರುಕೋದು ಬೇಡ, ಕೇಬಲ್ ಕಿತ್ತ ಮೇಲೆ ಅದು ಮಲಗ್ಬೇಕು ನಿಜ, ಆದ್ರೆ ಮಲಗ್ತಾ ಅಂತ ಕಣ್ಣಲ್ಲಿ ನೋಡದೆ ನಂಬ್ಬೇಡಿ. ಹೀಗೆ ಮಾಡಿದ ದಿನ ಸ್ಟಾಫ್ ರೂಮಲ್ಲಿ ಬ್ಯಾಟರಿ 88ರ ಮೇಲೆ ಇದ್ರೆ ನಿದ್ದೆ ಸರಿ ಇದೆ, ತಪ್ಪಿರೋದು ಲಿಡ್ ಸೆಟಿಂಗ್‌ನಲ್ಲಿ ಮಾತ್ರ. ಆಗ್ಲೂ 60ರ ಆಸುಪಾಸು ಬಂದ್ರೆ ಆ ಎರಡು ಜರ್ನಲ್‌ಸಿಟಿಎಲ್ ಔಟ್‌ಪುಟ್ ಮತ್ತೆ ಮೆಮ್_ಸ್ಲೀಪ್ ಏನು ತೋರಿಸ್ತು ಅನ್ನೋದನ್ನ ಕಾಪಿ ಮಾಡಿ ಕಳಿಸಿ, ಫೋಟೋ ಬೇಡ, ಟೆಕ್ಸ್ಟಾಗಿ ಕಳಿಸಿ, ಟೈಮ್ ಸಾಲುಗಳನ್ನ ಹೋಲಿಸಿ ನೋಡ್ಬೇಕಾಗುತ್ತೆ.